ಗೋಡೆಯ ಮೇಲೆ ಉಬ್ಬಿದ ಕೆನ್ನೆ

ಬೋರ್ಡು ಬರೆಯುವ ಅಕ್ಕತಂಗಿಯರಲ್ಲಿ ದೊಡ್ಡವಳನ್ನು ನಮ್ಮ ಬೀದಿಯವರೆಲ್ಲ ಚೌಕದಕ್ಕ ಎನ್ನುತ್ತಿದ್ದರು. ಚಿತ್ರ ಎಷ್ಟೇ ಚಿಕ್ಕದಿರಲಿ, ಸುಣ್ಣದ ಪುಡಿ ಹಚ್ಚಿದ ದಾರವನ್ನು ಗೋಡೆಗೆ ಮಿಡಿದು ಅಳತೆಗೆ ಚೌಕಗಳನ್ನು ಹಾಕದೆ ಆಕೆ ಕುಂಚ ಮುಟ್ಟುತ್ತಿರಲಿಲ್ಲ. ಇಬ್ಬರಿಗೂ ಕಸುಬು ಕಲಿಸಿದ್ದು ಅಪ್ಪ. ಅವನು ಒಂದು ಸಂಜೆ ಇಬ್ಬರ ಕೆಲಸವನ್ನೂ ನೋಡಿ, "ದೊಡ್ಡವಳ ಗೆರೆ ನೇರ. ಚಿಕ್ಕವಳ ಗೆರೆಗೆ ಜೀವ ಇದೆ" ಅಂದಿದ್ದ. ಇಬ್ಬರನ್ನೂ ಹೊಗಳುವುದಕ್ಕೇ ಹೇಳಿದ ಮಾತು. ಆದರೆ ಅದರ ಎರಡನೇ ಅರ್ಧ ಚೌಕದಕ್ಕನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡು, ಅಪ್ಪ ಹೋಗಿ ಇಪ್ಪತ್ತಾರು ವರ್ಷವಾದರೂ ಅಲ್ಲೇ ಉಳಿದಿತ್ತು.

ಇದನ್ನೆಲ್ಲ ನನಗೆ ಹೇಳಿದ್ದು ಅವಳೇ. ಅವರ ಅಂಗಡಿಯ ಪಕ್ಕದಲ್ಲೇ ನನ್ನ ಗಡಿಯಾರ ರಿಪೇರಿ ಅಂಗಡಿ. ಟೀ ಕುಡಿಯಲು ಬಂದು ಕೂತರೆ ಅವಳು ತಂಗಿಯ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ.

ತಂಗಿ ಎಲ್ಲಿಂದಲೋ ಒಂದು ಹಳೆಯ ಪ್ರೊಜೆಕ್ಟರ್ ತಂದ ಮೇಲಂತೂ ಉರಿಯುವ ಒಲೆಗೆ ಎಣ್ಣೆ ಸುರಿದಂತಾಯಿತು. ಮೊದಲು ಯಾವುದೋ ಶಾಲೆಯಲ್ಲಿ ಪಾಠಕ್ಕೆ ಬಳಸುತ್ತಿದ್ದ ಯಂತ್ರ ಅದು. ಪಾರದರ್ಶಕ ಹಾಳೆಯ ಮೇಲೆ ಚಿತ್ರ ಬರೆದು ಗಾಜಿನ ಮೇಲಿಟ್ಟು ದೀಪ ಹಾಕಿದರೆ, ಗೋಡೆಯ ತುಂಬ ಚಿತ್ರ ಮೂಡುತ್ತಿತ್ತು. ಆ ಗೆರೆಗಳ ಮೇಲೆ ಇದ್ದಿಲು ಎಳೆದರೆ ಮುಗಿಯಿತು. ಚೌಕದಕ್ಕ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದ ಕೆಲಸ ತಂಗಿಗೆ ಒಂದೂವರೆ ದಿನಕ್ಕೆ ಆಗತೊಡಗಿತು. ಜನ ತಂಗಿಯನ್ನೇ ಕೇಳಿಕೊಂಡು ಬರತೊಡಗಿದರು.

"ಗೆರೆಗೆ ಜೀವ ಇತ್ತು. ಈಗ ಕರೆಂಟೂ ಬಂತು" ಎಂದು ಚೌಕದಕ್ಕ ನನ್ನೆದುರು ನಕ್ಕಳು. ನಗುವಾಗ ಅವಳ ಮುಖ ನೋಡುವ ಹಾಗಿರಲಿಲ್ಲ.

ಆ ಹೊತ್ತಿಗೆ ಗ್ರಂಥಾಲಯದ ಕೆಲಸ ಬಂತು. ನಲವತ್ತು ವರ್ಷ ಅಲ್ಲಿ ಪುಸ್ತಕ ಕೊಟ್ಟು, ಹೋದ ವರ್ಷ ತೀರಿಕೊಂಡ ದೊಡ್ಡ ಮೇಡಂ ಅವರ ಮುಖವನ್ನು ಓದುವ ಕೋಣೆಯ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಯಬೇಕಿತ್ತು. ಅವರ ಕೈಕೆಳಗೆ ಕೆಲಸ ಕಲಿತ ಈಗಿನ ಗ್ರಂಥಪಾಲಕಿ ಫೋನ್ ಮಾಡಿ, "ಚಿಕ್ಕವರನ್ನೇ ಕಳಿಸಿ" ಅಂದರು. ಫೋನ್ ಎತ್ತಿದವಳು ದೊಡ್ಡವಳು.

ತಂಗಿಯೇನೋ, "ಅಕ್ಕಾ, ನೀನೂ ಬಾ, ಒಬ್ಬಳ ಕೈಲಿ ಆಗಲ್ಲ" ಎಂದಳು. ಚೌಕದಕ್ಕ ಏಣಿ ಹಿಡಿಯಲು ಹೋದಳು.

ಗೋಡೆಯ ಎದುರಿಗೇ ಒಂದು ದಪ್ಪ ಕಂಬವಿತ್ತು. ಯಂತ್ರವನ್ನು ನೇರವಾಗಿ ಇಡಲು ಜಾಗವಿಲ್ಲ. ತಂಗಿ ಅದನ್ನು ಕಂಬದ ಎಡಕ್ಕೆ, ಮೇಜಿನ ಮೇಲೆ ಓರೆಯಾಗಿಟ್ಟು, ನಡುಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿಸಿ ದೀಪ ಹಾಕಿದಳು. ಬೆಳಕು ಗೋಡೆಯ ಎಡತುದಿಗೆ ಬೇಗ ತಲುಪಿತು. ಬಲತುದಿಗೆ ಹೋಗುವಷ್ಟರಲ್ಲಿ ಹರಡಿಕೊಂಡಿತು. ಹತ್ತಿರದ ಎಡಗೆನ್ನೆ ಸಣ್ಣದಾಯಿತು, ದೂರದ ಬಲಗೆನ್ನೆ ಊದಿಕೊಂಡಿತು. ಕನ್ನಡಕದ ಎರಡು ಗಾಜುಗಳು ಬೇರೆ ಬೇರೆ ಅಳತೆಗೆ ಬಂದವು.

ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಇದ್ದಿಲು ಎಳೆಯುತ್ತಿದ್ದ ತಂಗಿಗೆ ಅದು ಕಾಣುತ್ತಿರಲಿಲ್ಲ. ಹಿಂದೆ ನಿಂತಿದ್ದ ಚೌಕದಕ್ಕನಿಗೆ ದೀಪ ಹಾಕಿದ ಕೂಡಲೇ ಕಂಡಿತು.

"ಅಕ್ಕಾ, ಸರಿಯಾಗಿದೆಯಾ ನೋಡು?"

ಚೌಕದಕ್ಕನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಬೀಳಲಿ, ಒಂದು ಸಲ ಇವಳೂ ಬೀಳಲಿ ಅನ್ನಿಸಿತು.

"ಹ್ಞೂಂ, ಎಳಿ" ಎಂದಳು.

ಕತ್ತಲ ಕೋಣೆಯಲ್ಲೇ ಮುಖದ ಗೆರೆಗಳೆಲ್ಲ ಮುಗಿದವು. ಸಾಮಾನು ಕಟ್ಟಿಕೊಂಡು ಹೊರಬರುವಾಗ ಚೌಕದಕ್ಕನಿಗೆ ಮೈ ಹಗುರವಾದಂತಿತ್ತಂತೆ.

ಮರುದಿನ ಬೆಳಿಗ್ಗೆ ಗ್ರಂಥಪಾಲಕಿ ಕಿಟಕಿಗಳನ್ನು ತೆರೆಸಿದರು. ಗೋಡೆಯ ಹತ್ತಿರ ಹೋಗಿ ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮ ಮೇಡಂಗೆ ಹಲ್ಲುನೋವು ಬಂದಿದ್ದು ನಾನು ಒಂದಿನಾನೂ ನೋಡಿಲ್ಲಮ್ಮ" ಅಂದರು.

ಓದಲು ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ತಂಗಿಯ ಮುಖ ಕಪ್ಪಿಟ್ಟಿತು. ಗ್ರಂಥಪಾಲಕಿಯ ಕಣ್ಣಲ್ಲಿ ನೀರಿತ್ತು. ತಂಗಿಯನ್ನು ಬೀಳಿಸಲು ಹೋದವಳಿಗೆ, ಆ ಮುಖವನ್ನು ಪ್ರೀತಿಸಿದವರೂ ಇದ್ದಾರೆ ಎಂಬುದು ಹೊಳೆದೇ ಇರಲಿಲ್ಲ.

ಗ್ರಂಥಪಾಲಕಿ ಆಚೆ ಹೋದ ಮೇಲೆ ತಂಗಿ ತಿರುಗಿದಳು.

"ನಿಂಗೆ ಕಾಣ್ಲಿಲ್ವಾ?"

"ಕಾಣ್ತು."

"ನಾನು ಕೇಳ್ದೆ ನಿನ್ನ."

"ಕೇಳ್ದೆ. ನಾನು ಹೇಳ್ಲಿಲ್ಲ. ಹೊಟ್ಟೆಕಿಚ್ಚು ಕಣೇ."

"ನಿಂಗೆ ಹೊಟ್ಟೆಕಿಚ್ಚು ಅಂತ ಬೀದಿಗೆಲ್ಲಾ ಗೊತ್ತು. ನಂಗೂ ಗೊತ್ತು. ಆದ್ರೆ ಅದನ್ನ ಕೆಲಸದ ಮೇಲೆ ತೀರಿಸ್ಕೋತೀಯ ಅಂತ ಅಂದ್ಕೊಂಡಿರ್ಲಿಲ್ಲ."

ಬೈದಿದ್ದರೆ ಚೌಕದಕ್ಕ ತಿರುಗಿ ಬೈಯುತ್ತಿದ್ದಳು. ಈಗ ಒದ್ದೆ ಬಟ್ಟೆ ತೆಗೆದುಕೊಂಡು ತಾನೇ ಏಣಿ ಹತ್ತಿ ಇಡೀ ಮುಖವನ್ನು ಒರೆಸಿ ಹಾಕಿದಳು. ಗೋಡೆ ಒಣಗಿದ ಮೇಲೆ ದಾರ ಮಿಡಿದು ಅಳತೆ ತಪ್ಪದ ಚೌಕಗಳನ್ನು ಹಾಕಿದಳು.

"ಕಂಬ ಅಂತೂ ಪಕ್ಕಕ್ಕೆ ಹೋಗಲ್ಲ. ಬೆಳಕು ಓರೆಯಾಗೇ ಬರುತ್ತೆ. ಅದು ಎಷ್ಟು ಹಿಗ್ಗಿಸುತ್ತೋ ಅಷ್ಟು ನಾವು ಹಾಳೇಲೇ ಕುಗ್ಗಿಸ್ಬೇಕು" ಎಂದಳು.

ತಂಗಿ ಒಂದು ಕಡ್ಡಿ ಹಿಡಿದು ಗೋಡೆಯ ಬಳಿ ನಿಂತಳು. ಒಂದೊಂದು ಚೌಕದ ಮೂಲೆಗೂ ಕಡ್ಡಿಯ ತುದಿ ಇಡುತ್ತ ಹೋದಳು. ಚೌಕದಕ್ಕ ಯಂತ್ರದ ದೀಪ ಹಾಕಿ ಅದರ ಬಳಿ ಕೂತು, ಪೆನ್ನಿನ ನೆರಳು ಆ ಕಡ್ಡಿಯ ತುದಿಗೆ ತಾಗುವ ಕಡೆ ಖಾಲಿ ಹಾಳೆಯ ಮೇಲೆ ಚುಕ್ಕೆ ಇಟ್ಟಳು. ನೂರಿಪ್ಪತ್ತು ಚುಕ್ಕೆ. ಸೇರಿಸಿದಾಗ ಹಾಳೆಯ ಮೇಲಿನ ಚೌಕಗಳು ಬಲಕ್ಕೆ ಹೋಗುತ್ತ ಕಿರಿದಾಗಿದ್ದವು. ಆ ಸೊಟ್ಟ ಚೌಕಗಳೊಳಗೆ ತಂಗಿ ದೊಡ್ಡ ಮೇಡಂ ಅವರನ್ನು ಮತ್ತೆ ಬರೆದಳು. ಹಾಳೆಯಲ್ಲಿ ಬಲಗೆನ್ನೆ ಬತ್ತಿಹೋದ ಮುಖ. ದೀಪ ಹಾಕಿದರೆ ಗೋಡೆಯ ಮೇಲೆ ಎರಡು ಕೆನ್ನೆಯೂ ಸಮ.

ಮುಖಕ್ಕೆ ಬಣ್ಣ ತುಂಬಿದ ಮೇಲೆ ಗ್ರಂಥಪಾಲಕಿ ಬಂದು ನೋಡಿ ತಂಗಿಯ ಕೈ ಹಿಡಿದುಕೊಂಡರು. "ಕಣ್ಣಲ್ಲಿ ಎಷ್ಟು ಜೀವ ಇದೆ ನೋಡಿ!" ಎಂದರು. ಚೌಕದಕ್ಕ ಕುಂಚ ತೊಳೆಯುತ್ತಿದ್ದಳು. ತೊಳೆದ ಕುಂಚವನ್ನೇ ಮತ್ತೊಮ್ಮೆ ನೀರಿಗೆ ಅದ್ದಿದಳು. ಚೌಕದ ಗೆರೆಗಳು ಆ ಹೊತ್ತಿಗೆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದವು.

ಅದಾದ ಮೇಲೆ ತಂಗಿ ಬಹಳ ತಿಂಗಳು ಅಕ್ಕನ ಕಣ್ಣನ್ನು ನಂಬಲಿಲ್ಲ. ಹತ್ತು ಗೆರೆ ಎಳೆದು ಏಣಿ ಇಳಿಯುವಳು, ಕೋಣೆಯ ಆ ತುದಿಗೆ ಹೋಗಿ ತಾನೇ ನೋಡುವಳು, ಮತ್ತೆ ಹತ್ತುವಳು. ಅಕ್ಕ ಅಲ್ಲೇ ನಿಂತಿರುತ್ತಿದ್ದಳು.

"ತಂಗಿ ಹತ್ತಿ ಇಳಿದು ಮಂಡಿ ನೋವು ತಂದ್ಕೊಂಡಿದಾಳೆ" ಎಂದು ಒಂದು ದಿನ ಚೌಕದಕ್ಕ ನನ್ನ ಅಂಗಡಿಯಲ್ಲಿ ಕೂತು ಹೇಳಿದಳು. "ನಾನು ಮಾಡಿದ್ದು. ಈಗ ಅವಳು ಕೇಳದೆ ಇದ್ರೂ ನಾನೇ ಕೂಗಿ ಹೇಳ್ತೀನಿ, ಬಲಗಡೆ ದಪ್ಪ ಆಯ್ತು, ಎಡಗಡೆ ಸಣ್ಣ ಆಯ್ತು ಅಂತ. ಒಂದೊಂದ್ಸಲ ಕೇಳ್ತಾಳೆ, ಒಂದೊಂದ್ಸಲ ಇಳಿದು ನೋಡ್ತಾಳೆ."

"ಹೊಟ್ಟೆಕಿಚ್ಚು ಹೋಯ್ತಾ?" ಎಂದೆ.

"ಅದೆಲ್ಲಿ ಹೋಗುತ್ತೆ" ಎಂದು ಲೋಟ ಕೆಳಗಿಟ್ಟು ಎದ್ದಳು.