ಮೀಟರ್ ಖಲಾಸ್

ಆಗ ನನಗೆ ಅರುವತ್ತೊಂಬತ್ತು. ಅದಾಗಿ ಮೂರು ವರ್ಷ. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಹೋಗಿದ್ದೆ. ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅಳಿಯನಿಗೆ ದುಬೈಯ ಅಲ್ ಕೂಜಿನಲ್ಲಿ ಗೋದಾಮಿನ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುವುದು. ಅಲ್ ರೀಮ್ ಐಲ್ಯಾಂಡಿನ ಫ್ಲ್ಯಾಟಿನಲ್ಲಿ ನಾನು, ಮಗಳು, ಆಗಷ್ಟೇ ಹೊಕ್ಕುಳು ಒಣಗಿ ಬಿದ್ದಿದ್ದ ಕೂಸು.

ಆಗಸ್ಟ್ ತಿಂಗಳು. ಹೊರಗೆ ಮುಖ ಹಾಕಿದರೆ ಒಲೆಯ ಬಾಯಿಗೆ ಹಾಕಿದ ಹಾಗೆ. ಆ ಕಟ್ಟಡದಲ್ಲಿ ಮನೆಗೊಂದು ಏಸಿ ಪೆಟ್ಟಿಗೆ ಇಲ್ಲ. ಒಂದು ಕಂಪೆನಿ ಕೊಳವೆಯಲ್ಲಿ ತಣ್ಣೀರು ಕಳಿಸುತ್ತದೆ, ಅದರಿಂದ ಮನೆ ತಂಪು. ಯಾರ ಮನೆಗೆ ಎಷ್ಟು ಹೋಯಿತೆಂದು ನೋಡಲು ಬಾಗಿಲ ಹೊರಗಿನ ಕಪಾಟಿನಲ್ಲಿ ಸ್ಮಾರ್ಟ್ ಮೀಟರ್. ಲೆಕ್ಕವನ್ನು ಅದೇ ಕಂಪೆನಿಗೆ ಹೇಳುತ್ತದಂತೆ. ಅಳಿಯ ಬೇರೆ ಕಂಪೆನಿಗೆ ಹೋಗಲು ಹೊರಟಿದ್ದ. ಆದರೆ ಮೀಟರ್ ಹಳತು, ಅದು ಹೇಳಿದ್ದು ಹೊಸಬರಿಗೆ ತಿಳಿಯುವುದಿಲ್ಲ. ಮೊದಲು ಮೀಟರ್ ಬದಲಿಸಬೇಕು, ಆಮೇಲೆ ಹಳೆ ಕಂಪೆನಿಯನ್ನು ಬಿಡಬೇಕು. ಹಿಂದುಮುಂದಾದರೆ ಹಳಬರು ನೀರು ನಿಲ್ಲಿಸುತ್ತಾರೆ, ಹೊಸಬರು ಬಿಡುವುದಿಲ್ಲ. ಇಷ್ಟು ನನಗೂ ಅರ್ಥವಾಗಿತ್ತು.

ಒಂದು ಬೆಳಿಗ್ಗೆ ಮೀಟರಿನವನು ಬಂದ. ಕಪಾಟು ತೆರೆದ, ಟಾರ್ಚ್ ಹಾಕಿದ, ಒಂದೆರಡು ಗುಂಡಿ ಒತ್ತಿದ. ಅಷ್ಟರಲ್ಲಿ ಅಳಿಯನ ಫೋನು. ಅದನ್ನು ಮೀಟರಿನವನ ಕಿವಿಗೇ ಹಿಡಿದೆ. "ಮೀಟರ್ ಖಲಾಸ್, ಭಾಯ್," ಎಂದು ಹೇಳಿ ಕಪಾಟು ಮುಚ್ಚಿ ಹೋದ.

"ಅವನು ಎಂತದೂ ಮಾಡಲಿಲ್ಲ. ಹಳೆ ಮೀಟರೇ ಉಂಟು," ಎಂದು ಅಳಿಯನಿಗೆ ಹೇಳಿದೆ. ಅತ್ತೆಯಾದ ನನ್ನನ್ನು ಅವನು ಮಾಂಯ್ ಎಂದೇ ಕರೆಯುವುದು.

"ಅದು ಕಂಪ್ಯೂಟರಿನಲ್ಲೇ ಅಪ್‌ಡೇಟ್ ಆಗ್ತದೆ ಮಾಂಯ್. ನಿಮಗೆ ಗೊತ್ತಾಗುವುದಿಲ್ಲ." ಅಲ್ಲಿಂದಲೇ ಫೋನಿನಲ್ಲಿ ಒತ್ತಿ ಹಳೆ ಕಂಪೆನಿಯನ್ನು ಬಿಟ್ಟ.

ಊಟದ ಹೊತ್ತಿಗೆ ತಂಪು ಗಾಳಿ ನಿಂತಿತು. ಗಾಜಿನ ಗೋಡೆ, ಬಿಸಿಲು ನೇರ ಒಳಗೆ. ಕೂಸಿನ ಮೈ ಕೆಂಪಾಯಿತು, ಮೊಲೆ ಹಿಡಿಯಲಿಲ್ಲ, ಅತ್ತು ಅತ್ತು ಸ್ವರ ಬಿದ್ದುಹೋಯಿತು. ಮಗಳು ನರ್ಸಾದರೂ ಅದರ ಜೊತೆ ತಾನೂ ಅಳಲಿಕ್ಕೆ ಕೂತಳು. ಮೂವರೂ ಅತ್ತರೆ ಕೆಲಸ ಯಾರು ಮಾಡುವುದು? ಅಳಿಯನಿಗೆ ಫೋನ್ ಹಚ್ಚಿದೆ.

"ಖಲಾಸ್ ಅಂತ ಅವನೇ ಹೇಳಿದನಲ್ಲ ಮಾಂಯ್!"

"ಕೆಲಸ ಖಲಾಸ್ ಅನ್ನಲಿಲ್ಲ, ಮೀಟರ್ ಖಲಾಸ್ ಅಂದ. ಅಜ್ಜ ಖಲಾಸ್ ಅಂದರೆ ಅಜ್ಜ ರೆಡಿ ಅಂತಲಾ?"

"ಈಗಲೇ ಹೊರಟು ಬರ್ತೇನೆ," ಎಂದ.

"ನೀನು ಬಂದು ಬೀಸಣಿಗೆ ಬೀಸುವುದು ಬೇಡ. ಹೊಸ ಕಂಪೆನಿಯವರ ಬೆನ್ನು ಹಿಡಿ. ಇಲ್ಲಿಯದು ನಾನು ನೋಡಿಕೊಳ್ತೇನೆ."

ಕೆಳಗಿಳಿದೆ. ಕಟ್ಟಡದ ಕಾವಲಿನವನಿಗೆ ಅಲ್ಲಿ ನಾತೂರ್ ಎನ್ನುತ್ತಾರೆ. ನಮ್ಮ ನಾತೂರ್ ಉಳ್ಳಾಲ ಕಡೆಯ ಬ್ಯಾರಿ, ನನ್ನೊಡನೆ ತುಳುವಿನಲ್ಲೇ ಮಾತು. ಅವನನ್ನು ಕರೆದುಕೊಂಡು ಕಟ್ಟಡದ ಆಫೀಸಿಗೆ ಹೋದೆ. ಅಲ್ಲಿಯ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವನು ತಿರುಗಿಸಿ ಹೇಳಿದ: "ನಾಳೆ ಅಂತೆ ಬಾಯಮ್ಮ. ಇವತ್ತು ಮೀಟರಿನವರಿಗೆ ಪುರುಸೊತ್ತಿಲ್ಲ."

"ಆಗಬಹುದು. ಈ ಆಫೀಸಿನಲ್ಲಿ ತಂಪು ಉಂಟಲ್ಲ? ನಾಳೆಯವರೆಗೆ ನಾವು ಇಲ್ಲೇ."

ಅವನು ನಕ್ಕ. ನಾನು ನಗಲಿಲ್ಲ.

ಮೇಲೆ ಹೋಗಿ ಮಗಳನ್ನು ಎಬ್ಬಿಸಿದೆ. "ನಲ್ವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದು ಅಂತ ಬೊಬ್ಬೆ ಹಾಕಿದ್ದು ನೀನೇ ಅಲ್ವಾ ಮಮ್ಮಿ?" ಎಂದಳು.

"ದಾಟಬೇಡ ಅಂದದ್ದು ನಾನು. ದಾಟು ಅನ್ನುವುದೂ ನಾನೇ. ನಡೆ."

ಅವಳ ತಲೆಗೆ ಬಟ್ಟೆ ಸುತ್ತಿ, ಕೂಸನ್ನು ಎತ್ತಿಕೊಂಡು, ಚಾಪೆ, ದಿಂಬು, ಗಂಜಿಯ ಪಾತ್ರೆ ಹಿಡಿದು ಇಳಿದೆವು. ಆಫೀಸಿನ ಸೋಫಾದಲ್ಲಿ ಮಗಳು ಕೂತಳು. ನಾನು ಅವಳ ಕಾಲಬುಡದಲ್ಲಿ ಚಾಪೆ ಹಾಸಿದೆ, ತೊಳೆದ ಲಂಗೋಟಿಗಳನ್ನು ಕುರ್ಚಿಯ ಬೆನ್ನಿಗೆ ಹರಡಿದೆ. ತಂಪು ತಾಗಿದ್ದೇ ಕೂಸು ಮೊಲೆ ಹಿಡಿಯಿತು. ಹಾಲು ಮಾತ್ರ ಕಮ್ಮಿಯಾಗಿತ್ತು, ಮಧ್ಯೆ ಮಧ್ಯೆ ಬಿಟ್ಟು ಅಳುತ್ತಿತ್ತು. ಫ್ಲ್ಯಾಟು ನೋಡಲು ಬಂದ ಕೋಟಿನವರು ಬಾಗಿಲಲ್ಲೇ ನಿಂತು ವಾಪಸ್ಸು ಹೋದರು. ಹುಡುಗಿ ಕೂತು ಫೋನ್ ಮಾಡಿದಳು, ಆಮೇಲೆ ನಿಂತು ಮಾಡಿದಳು.

"ಎಂತ ಹೇಳ್ತಾಳೆ?"

"ಬೇಗ ಬನ್ನಿ, ಆಫೀಸು ಹೆರಿಗೆ ವಾರ್ಡ್ ಆಗಿದೆ ಅಂತ," ಎಂದ ನಾತೂರ್.

ಸಂಜೆಯ ಬಾಂಗಿಗೆ ಮೊದಲು ಅದೇ ಮೀಟರಿನವನು ಹೊಸ ಪೆಟ್ಟಿಗೆ ಹಿಡಿದು ಬಂದ. ನಾನು ಪಕ್ಕದಲ್ಲೇ ನಿಂತೆ. ಹಳತನ್ನು ಬಿಚ್ಚಿದ, ಹೊಸತನ್ನು ಕೂರಿಸಿದ, ಯಾರಿಗೋ ಫೋನ್ ಮಾಡಿ ನಂಬರ್ ಓದಿದ. "ಖಲಾಸ್, ಮಾಜೀ."

"ಕ್ಯಾ ಖಲಾಸ್? ಮೀಟರ್ ಯಾ ಕಾಮ್?" ಎಂದೆ, ನನ್ನ ಹರಕು ಹಿಂದಿಯಲ್ಲಿ, ಮುಗಿದದ್ದು ಮೀಟರಾ ಕೆಲಸವಾ ಅಂತ.

"ಕಾಮ್, ಮಾಜೀ, ಕಾಮ್!" ಅವನಿಗೆ ನಗು ತಡೆಯಲಿಲ್ಲ.

ಮನೆಯೊಳಗೆ ನನ್ನ ಅಂಗೈಗೆ ತಂಪು ಗಾಳಿ ತಾಗುವವರೆಗೂ ಅವನ ಚೀಲ ಹಿಡಿದುಕೊಂಡೇ ನಿಂತೆ. ಆಮೇಲೆ ತಾಯಿ ಮಗುವನ್ನು ಮೇಲೆ ಕರೆತಂದೆ. ಅಳಿಯ ಫೋನ್ ಮಾಡಿ ತಪ್ಪಾಯಿತು ಎಂದು ಶುರುಮಾಡಿದ. ಉಂಡು ಮಲಗು ಎಂದೆ.

ಮರುದಿನ ಬೆಳಿಗ್ಗೆ ನಾತೂರನಿಂದ ಟ್ಯಾಕ್ಸಿ ಹೇಳಿಸಿ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋದೆ. ಬಾಣಂತಿಗೆ ಹಾಲು ಬರಲು ನಾವು ಕೊಡುವ ತಾಟೆ, ಅಂದರೆ ಶಾರ್ಕ್ ಮರಿ, ಸಿಕ್ಕಿತು. ತಂದು ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಬೇಯಿಸಿ, ಮಗಳು ಮುಖ ಸಿಂಡರಿಸಿದರೂ ಎರಡು ಸಲ ಬಡಿಸಿದೆ.