ಎರಡು ಥಾರ್ನ್‌ಟನ್ ಸ್ಟ್ರೀಟು, ಒಬ್ಬ ಮುಳ್ಳೂರು ಗೋಪೀನಾಥ

ಎರಡೂವರೆ ಅಡಿ ಉದ್ದದ ಒಂದು ತಗಡಿನ ಫಲಕ ಇರಬೇಕೇ, ಇಳಿಯಬೇಕೇ ಎಂಬುದು ಸದ್ಯ ಮೆಲ್ಬರ್ನ್ ಮಹಾನಗರದ ಅತಿ ಗಹನವಾದ ಪ್ರಶ್ನೆ. ನಗರಕ್ಕೆ ಇದರ ಅರಿವಿಲ್ಲ. ಅರಿವಿರುವವರು ಇಬ್ಬರೇ: ಏಣಿಯ ಮೇಲೆ ನಿಂತ ಗೋಪೀನಾಥ ಮುಳ್ಳೂರು, ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತ ಎಂಬತ್ತೊಂದರ ಅಜ್ಜಿ ಬೆರಿಲ್ ಥಾರ್ನ್‌ಟನ್.

ಬೆಳಗಿನ ಆರೂಕಾಲು. ಸ್ಪ್ಯಾನರ್ ಹಿಡಿದ ಬೆರಳು ಚಳಿಗೆ ಮರಗಟ್ಟಿವೆ. ಬೀದಿಗಳ ನಾಮಫಲಕ ನೆಡುವುದು, ಒರೆಸುವುದು, ಕೀಳುವುದು ಇಲ್ಲಿನ ಪುರಸಭೆಯಾದ ಕೌನ್ಸಿಲ್‌ನಲ್ಲಿ ಗೋಪೀನಾಥರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಫಲಕ, ಮೂರು ಗುಂಡಿ, ಕಡಿಮೆಯೆಂದರೆ ಎರಡು ನಾಯಿ. ದಾರಿ ತಪ್ಪಿದವರೆಲ್ಲ ಫಲಕ ನೋಡುತ್ತಾರೆ, ನೆಟ್ಟವನನ್ನಲ್ಲ.

ಕಳೆದ ವರ್ಷ ಎರಡು ಕೌನ್ಸಿಲ್‌ಗಳು ಸೇರಿ ಒಂದಾದವು. ಒಂದೇ ಕೌನ್ಸಿಲ್‌ಗೆ ಎರಡು ಥಾರ್ನ್‌ಟನ್ ಸ್ಟ್ರೀಟ್ ಗಂಟುಬಿದ್ದವು. ಆಂಬುಲೆನ್ಸ್ ಯಾವುದಕ್ಕೆ ಹೋಗಬೇಕು? ನಲವತ್ತೆರಡು ಮನೆಯ ಬೀದಿಗೆ ಹೆಸರು ಉಳಿಸಿ, ಬೆರಿಲ್ ಇರುವ ಹದಿನಾಲ್ಕು ಮನೆಯ ಬೀದಿಗೆ ಬೇರೆ ಹೆಸರಿಡುವ ಆಲೋಚನೆ. ಆಕ್ಷೇಪವಿದ್ದರೆ ಹದಿನಾಲ್ಕು ದಿನದೊಳಗೆ ತಿಳಿಸಿ ಎಂಬ ನೋಟಿಸನ್ನು ಗೋಪೀನಾಥ ಕಂಬಕ್ಕೆ ಬಿಗಿಯುತ್ತಿದ್ದಾರೆ.

“ಇಲ್ಲಿ ಹಸು ಕಟ್ಟಿದ್ದವರು ನಮ್ಮ ಮಾವ. ಅವರ ಹೆಸರು ಇದು,” ಎನ್ನುತ್ತಾರೆ ಬೆರಿಲ್. “ನಾನು ಹೋಗೋ ತನಕ ಆದರೂ ತಡೆಯಬಹುದಲ್ಲ, ಗೋಪ್?”

ಮೈಸೂರಿನ ಸರ್ವೆ ಇಲಾಖೆಯಲ್ಲಿದ್ದ ಗೋಪೀನಾಥ, ಆಸ್ಪತ್ರೆ ಲ್ಯಾಬಿನಲ್ಲಿ ದುಡಿಯುವ ಹೆಂಡತಿ ವಸಂತಾ ಜೊತೆ ೧೯೮೮ರಲ್ಲಿ ಇಲ್ಲಿಗೆ ಬಂದವರು. “ಫಾರಮ್ಮಲ್ಲಿ ಸರ್‌ನೇಮ್ ಕೇಳಿದ್ರು. ನಮ್ಮ ತಾತಂಗೂ ಇರ್ಲಿಲ್ಲ. ಇನಿಷಿಯಲ್ ಬಿಡಿಸಿ ಊರ ಹೆಸರು ಬರೆದೆ. ಅವತ್ತಿಂದ ನಾನು ಮಿಸ್ಟರ್ ಮುಳ್ಳೂರು.”

ನೆಟ್ಟ ಹೆಸರುಗಳನ್ನೆಲ್ಲ ಲೈಬ್ರರಿಯಲ್ಲಿ ಹುಡುಕಿ ಓದುವುದು ಅವರ ಚಟ. ಸಂಜೆ ಮನೆಯ ಮುಂದೆ ಕೂತು ಬಿಡಿಸಿ ಹೇಳುತ್ತಾರೆ. “ಥಾರ್ನ್ ಅಂದ್ರೆ ಮುಳ್ಳು. ಟನ್ ಅಂದ್ರೆ ಹಳೇ ಇಂಗ್ಲಿಷಲ್ಲಿ ಬೇಲಿ ಹಾಕಿದ ಜಾಗ, ಆಮೇಲೆ ಊರು. ಆ ಊರು ಬಿಟ್ಟು ಬಂದೋರನ್ನ ಜನ ಊರ ಹೆಸರಲ್ಲೇ ಕರೆದ್ರು, ಅದೇ ಮನೆತನದ ಹೆಸರಾಯ್ತು. ಇಲ್ಲಿಗೆ ಬಂದು ಬೀದಿ ಆಯ್ತು. ಒಟ್ನಲ್ಲಿ ಅಜ್ಜಿ, ನಾನು ಒಂದೇ ಊರೋರು.”

“ಊರಾಯ್ತಲ್ಲ, ನಾಳೆ ಹೋಗಿ ಗೋತ್ರಾನೂ ಕೇಳ್ಕೊಂಡು ಬನ್ನಿ,” ಎಂದು ವಸಂತಾ ಒಳಗಿನಿಂದ ಸೇರಿಸುತ್ತಾರೆ.

ಶನಿವಾರ, ಕೌನ್ಸಿಲ್ ಅಂಗಿ ಮನೆಯಲ್ಲಿ ಬಿಟ್ಟು, ಹೆಸರು ನಮ್ಮ ಬೀದಿಗೇ ಬಿಡಿ ಎಂದು ಬೆರಿಲ್ ಬರೆದ ಅರ್ಜಿ ಹಿಡಿದು ಗೋಪೀನಾಥ ಆ ದೊಡ್ಡ ಬೀದಿಯ ಮನೆಗಳ ಬಾಗಿಲು ಬಡಿಯುತ್ತಾರೆ. ಥಾರ್ನ್‌ಟನ್ ಯಾರೆಂದು ಅಲ್ಲಿ ಯಾರಿಗೂ ತಿಳಿಯದು. “ನಮ್ಮ ಪಿಜ್ಜಾ ಯಾವಾಗಲೂ ಆ ಬೀದಿಗೇ ಹೋಗುತ್ತೆ. ಅವರೇ ಇಟ್ಟುಕೊಳ್ಳಲಿ, ನಮಗೆ ವಾಟಲ್ ಅಂತ ಹೂವಿನ ಹೆಸರು ಕೊಡಿ,” ಎನ್ನುತ್ತಾನೆ ಏಳನೇ ಮನೆಯವ. ಸಂಜೆಯೊಳಗೆ ಮೂವತ್ತೊಂದು ಸಹಿ.

ನಿಮಗೇಕೆ ಈ ಉಸಾಬರಿ ಎಂದರೆ ಗೋಪೀನಾಥ ನಗುತ್ತಾರೆ. “ಯಾವ ಬೀದಿಗಾದ್ರೂ ಗುಂಡಿ ತೋಡೋನು ನಾನೇ. ಆದ್ರೆ ಕೆಳಗೆ ಅಜ್ಜಿ ಕೂತಿದ್ರೆ ನಟ್ಟು ಬಿಚ್ಚಕ್ಕೆ ಕೈ ಬರಲ್ಲ.”

ನೋಟಿಸಿನ ಗಡುವು ಮುಗಿದ ಮೇಲಿನ ಮಂಗಳವಾರ, ಕೌನ್ಸಿಲ್ ಸಭೆಯಲ್ಲಿ ಈ ವಿಷಯಕ್ಕೆ ನಾಲ್ಕು ನಿಮಿಷ ಹಿಡಿಯಿತು. ದೊಡ್ಡ ಬೀದಿ ವಾಟಲ್ ಸ್ಟ್ರೀಟ್ ಆಯಿತು. ಬೆರಿಲ್ ಬೀದಿಯ ಹೆಸರು ಬದಲಾಗಲಿಲ್ಲ.