ಕಿವಿ ಮಾಮ ತಟ್ಟಿಕೊಟ್ಟ ಗಾಡಿ

ಹಳೇ ಗಾಡಿ ಕೊಳ್ಳಬೇಕೆಂದವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಗಾಡಿಯನ್ನಲ್ಲ, ಕಿವಿ ಮಾಮನನ್ನು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಬಿಚ್ಚುತ್ತ ಜೋಡಿಸುತ್ತ ತಲೆ ನರೆಸಿಕೊಂಡ ಮನುಷ್ಯ. ನಿವೃತ್ತನಾಗಿ ಮನೆ ಸೇರಿದ ಮೇಲೂ ಅಂಗೈ ಗೆರೆಗಳಲ್ಲಿ ಕೂತ ಕಪ್ಪು ಹೋಗಿರಲಿಲ್ಲ. ಕಾಸು ಮುಟ್ಟುತ್ತಿರಲಿಲ್ಲ. ಕರೆದರೆ ಬರುತ್ತಿದ್ದ, ಟೀ ಕೊಟ್ಟರೆ ಕುಡಿಯುತ್ತಿದ್ದ, ಅಷ್ಟೆ.

ಊರಿನಿಂದ ಇಡೀ ದಿನ ಗಾಡಿ ಓಡಿಸಿದರೆ ಕೊನೆಯ ಪೆಟ್ರೋಲ್ ಬಂಕು ಸಿಗುತ್ತದೆ. ಅದರಾಚೆ ಬರೀ ಬಯಲು, ಕಲ್ಲು, ಮರಳು, ಆಕಾಶ. ಮೊಬೈಲಿಗೆ ಸಿಗ್ನಲ್ ಇಲ್ಲ, ಕೂಗಿದರೆ ಓ ಅನ್ನುವವರಿಲ್ಲ. ಸಂಸಾರ ಸಮೇತ ಹೋಗಿ, ಅಲ್ಲಿ ಟೆಂಟು ಹಾಕಿಕೊಂಡು ವಾರಗಟ್ಟಲೆ ಇದ್ದು ಬರುವುದು ಇತ್ತೀಚೆಗೆ ಜನಕ್ಕೊಂದು ಹುಚ್ಚಾಗಿತ್ತು. ಅದಕ್ಕೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಫೋರ್ ವೀಲ್ ಗಾಡಿಯೇ ಬೇಕು, ಹೊಸದು ಕೊಳ್ಳುವ ತಾಕತ್ತು ಎಲ್ಲರಿಗೂ ಎಲ್ಲಿಂದ ಬರಬೇಕು? ಹಾಗಾಗಿ ಹಳೇ ಗಾಡಿ, ಹಾಗಾಗಿ ಕಿವಿ ಮಾಮ. ಅಂಥ ಜಾಗದಲ್ಲಿ ಗಾಡಿ ಕೈಕೊಟ್ಟರೆ ನೀರು ಮುಗಿಯುವ ತನಕ ಮಾತ್ರ ಆಯಸ್ಸು ಎಂದು ಮಾಮ ಹೇಳುತ್ತಿದ್ದ, ಹೆದರಿಸುವುದಕ್ಕಲ್ಲ, ನಿಜವೇ ಹಾಗಿದ್ದದ್ದಕ್ಕೆ.

ಅವನು ಗಾಡಿ ನೋಡುವ ರೀತಿಯೇ ಒಂದು ಪೂಜೆಯ ಹಾಗಿತ್ತು. ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ, ಮಾರುವವನು ಮೊದಲೇ ಎಂಜಿನ್ ಕಾಯಿಸಿ ಏನೋ ಮುಚ್ಚಿಡುತ್ತಿದ್ದಾನೆ ಎಂದರ್ಥ, ತಿರುಗಿ ನಡೆದುಬಿಡುತ್ತಿದ್ದ. ತಣ್ಣಗಿದ್ದರೆ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರುತ್ತಿದ್ದ. ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅವನಿಗೆ ಮೈ ಉರಿಯುತ್ತಿತ್ತು. ಒಳಗಿನ ತುಕ್ಕಿಗೆ ಪೌಡರ್ ಹಚ್ಚಿದ್ದಾರೆ ಎನ್ನುತ್ತಿದ್ದ. ಮೇಲೆ ಸಾಲಾಗಿ ದೀಪ, ಮುಂದೆ ಕೊಂಬಿನಂಥ ಕಂಬಿ ಇದ್ದ ಗಾಡಿ ಕಂಡರೆ ಮೂಗು ಮುರಿಯುತ್ತಿದ್ದ. ಸಣ್ಣ ಊರಿನ ಗ್ಯಾರೇಜಿನಲ್ಲೂ ಬಿಚ್ಚಬಹುದಾದ ಸೀದಾಸಾದಾ ಎಂಜಿನ್ನು, ಎಲ್ಲಿ ಕೇಳಿದರೂ ಸಿಗುವ ಬಿಡಿಭಾಗ, ಇಷ್ಟಿದ್ದರೆ ಸಾಕು ಅವನಿಗೆ. ಇದೆಲ್ಲ ಆದ ಮೇಲೆ ಮುಖ್ಯವಾದದ್ದು. ಗಾಡಿ ಸ್ಟಾರ್ಟ್ ಮಾಡಿಸಿ ಕೈ ಮೇಲೆತ್ತುತ್ತಿದ್ದ. ಆ ಕೈ ಎದ್ದಿತೆಂದರೆ ಎಲ್ಲರ ಬಾಯಿಗೂ ಬೀಗ. ಮಾರುವವನು, ಕೊಳ್ಳುವವನು, ನೋಡಲು ನಿಂತ ದಾರಿಹೋಕ, ಯಾರೂ ಉಸಿರೆತ್ತುವಂತಿಲ್ಲ. ಮಾಮ ಕಣ್ಣು ಮುಚ್ಚಿ ಕೇಳುತ್ತಿದ್ದ, ಆಮೇಲೆ ಖಾಲಿ ಸೈಟಿನ ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಹಾಕಿಸಿ ಒಂದು ಸುತ್ತು ಓಡಿಸಿ ಮತ್ತೆ ಕೇಳುತ್ತಿದ್ದ. ಒಪ್ಪಿಗೆಯಾದರೆ ಬಾನೆಟ್ಟಿಗೆ ಎರಡು ಬಾರಿ ತಟ್ಟಿ “ಆಯ್ತು” ಎನ್ನುತ್ತಿದ್ದ. ಇಲ್ಲದಿದ್ದರೆ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಹೊರಡುತ್ತಿದ್ದ. ಯಾಕೆ, ಏನು ಎಂದು ವಿವರಿಸುವ ಪದ್ಧತಿ ಅವನಲ್ಲಿರಲಿಲ್ಲ. ವಿವರಿಸಿದರೆ ವಾದ ಶುರುವಾಗುತ್ತದೆ ಎನ್ನುವುದು ಅವನ ಅನುಭವ, ವಾದ ಮಾಡಿಸಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ ಎನ್ನುವುದು ನಿಜವಾದ ಕಾರಣ.

ಈಚೆಗೆ ಮಾಮ ಕರವಸ್ತ್ರ ತೆಗೆಯುವುದು ಕಡಿಮೆಯಾಗಿತ್ತು. ಹೋದಲ್ಲೆಲ್ಲ ಗಾಡಿಗಳು ಚೆನ್ನಾಗಿಯೇ ಇದ್ದವು. “ಪರವಾಗಿಲ್ಲ, ಈಗಿನ ಜನ ಗಾಡಿ ಚೆನ್ನಾಗಿ ನೋಡ್ಕೋತಾರೆ,” ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳುತ್ತಿದ್ದ. ಅವಳು ಟಿವಿಯ ಸದ್ದು ಕಮ್ಮಿ ಮಾಡಿ ಹೂಂ ಅನ್ನುತ್ತಿದ್ದಳು. ಅವನು ಅದನ್ನು ಮತ್ತೆ ಜೋರು ಮಾಡುತ್ತಿದ್ದ. ಈ ಜಗಳ ದಿನಾ ಇದ್ದದ್ದೇ. ಒಲೆಯ ಮೇಲಿನ ಕುಕ್ಕರು ಕೂಗಿ ಕೂಗಿ ತಳ ಹಿಡಿದ ದಿನ ಅವನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದ. ಅವಳು ಬೈದಳು, ಅವನು ಗಮನ ಪೇಪರಿನಲ್ಲಿತ್ತು ಎಂದ. ಆದರೆ ಅವನಿಗೇ ಒಳಗೊಳಗೆ ಅನುಮಾನ ಹುಟ್ಟಿತ್ತು. ಎಂಜಿನ್ನಿನ ದಪ್ಪ ಸದ್ದು ಚೆನ್ನಾಗಿ ಕೇಳುತ್ತಿದೆಯಲ್ಲ, ಇನ್ನೇನು ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಡಾಕ್ಟರ ಹತ್ತಿರ ಹೋಗಲಿಲ್ಲ. ಕಿವಿ ಮಾಮ ಕಿವಿ ಡಾಕ್ಟರ ಬಾಗಿಲಲ್ಲಿ ಕೂತಿದ್ದ ಎಂದು ಊರಿಡೀ ನಗುವುದು ಬೇಡವಾಗಿತ್ತು.

ಹೀಗಿರುವಾಗ ಮಗಳೇ ಗಾಡಿ ಬೇಕೆಂದು ಬಂದಳು. ಅವಳೂ ಗಂಡನೂ ಮೂರು ವರ್ಷದ ಪುಟ್ಟಿಯನ್ನು ಕರೆದುಕೊಂಡು ಬಯಲಿಗೆ ಹೋಗುವವರು. ನಕ್ಷೆ, ಟೆಂಟು, ನೀರಿನ ಕ್ಯಾನು ಎಲ್ಲ ತಯಾರು. ಅಳಿಯ ಒಳ್ಳೆಯವನೇ, ಆದರೆ ಹೊಳಪಿಗೆ ಬೇಗ ಮರುಳಾಗುವವನು. ಅವನು ತೋರಿಸಿದ ಮೊದಲನೆಯ ಗಾಡಿಗೆ ಮೈತುಂಬ ದೀಪ. ಮಾಮ ಅಡಿಗೆ ಬಗ್ಗಿ ನೋಡಿ, ಹೊಸ ಕಪ್ಪು ಬಣ್ಣ ಕಂಡು ಕರವಸ್ತ್ರ ತೆಗೆದ. ಎರಡನೆಯದು ಯಾವುದೋ ಹೊಳೆಯಲ್ಲಿ ಮುಳುಗೆದ್ದದ್ದು. ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದಾಗ ಅದಕ್ಕೆ ಕೆಸರಿನ ಗೆರೆ ಇತ್ತು. ಅದಕ್ಕೂ ಕರವಸ್ತ್ರ. ಅಳಿಯನ ಮುಖ ಇಳಿದುಹೋಯಿತು.

ಮೂರನೆಯದು ಮಾಸಿದ ಬಿಳಿ ಬಣ್ಣದ, ಚೌಕ ಮೂತಿಯ ಹಳೇ ಗಾಡಿ. ಭೂಮಿ ಅಳೆಯುವ ಕಚೇರಿಯ ನಿವೃತ್ತ ಡ್ರೈವರೊಬ್ಬನದು. ಚಾಸಿಯಲ್ಲಿ ತುಕ್ಕಿಲ್ಲ, ಬಣ್ಣವೂ ಬಳಿದಿಲ್ಲ. ಎಂಜಿನ್ ತಣ್ಣಗಿತ್ತು. ಮಾಮನಿಗೆ ನೋಡುತ್ತಲೇ ಹಿಡಿಸಿಬಿಟ್ಟಿತು. ಸ್ಟಾರ್ಟ್ ಮಾಡಿಸಿ ಕೈ ಎತ್ತಿದ, ಎಲ್ಲರೂ ಸುಮ್ಮನಾದರು. ಪುಟ್ಟಿ ಕೂಡ ತಾಯಿಯ ತೋಳಿನಲ್ಲಿ ಬಾಯಿಗೆ ಬೆರಳಿಟ್ಟುಕೊಂಡಳು. ಸಡಿಲ ಮಣ್ಣಿಗಿಳಿದು ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟಾಗ ಮಗಳು ತಟ್ಟನೆ ಅಪ್ಪನ ಮುಖ ನೋಡಿದಳು. ಮಾಮ ಕಣ್ಣು ಮುಚ್ಚಿದ್ದ. ಎಂಜಿನ್ನು ತಾಳ ತಪ್ಪದೆ ಗುಡುಗುಡು ಅನ್ನುತ್ತಿತ್ತು, ಅದರ ಮೇಲೆ ಬೇರೆ ಸದ್ದಿರಲಿಲ್ಲ. ಅವನು ಬಾನೆಟ್ಟಿಗೆ ಎರಡು ಬಾರಿ ತಟ್ಟಿದ. ಮಗಳು ಏನೋ ಹೇಳಲು ಬಾಯಿ ತೆರೆದಿದ್ದವಳು ಮುಚ್ಚಿಕೊಂಡಳು. ಮಾರುವ ಡ್ರೈವರನೂ ಯಾಕೋ ಒಂದು ಗಳಿಗೆ ಮಾಮನನ್ನೇ ನೋಡಿ, ಆಮೇಲೆ ಕೀಲಿ ಕೊಟ್ಟ.

ಹೊರಡುವ ತನಕ ಗಾಡಿ ಮಾಮನ ಅಂಗಳದಲ್ಲೇ ಇತ್ತು. ಅವರು ಹೊರಟ ಬೆಳಿಗ್ಗೆ ಮಾಮ ಹೆಮ್ಮೆಯಿಂದ ಗೇಟಿನ ತನಕ ಬಂದ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೊನೆಯ ಬಂಕಿನಿಂದ ಅಳಿಯ ವಿಡಿಯೊ ಕಳಿಸಿದ. ಟ್ಯಾಂಕು ತುಂಬಿಸಿದ್ದೇವೆ, ಇನ್ನು ಸಿಗ್ನಲ್ ಇರುವುದಿಲ್ಲ ಎಂದು ಕೆಳಗೆ ಬರೆದಿದ್ದ. ವಿಡಿಯೊದಲ್ಲಿ ಬಿಳಿ ಗಾಡಿ ಬಂಕಿನ ಹಿಂದಿನ ಕಲ್ಲುದಿಬ್ಬವನ್ನು ಆನೆಯ ಹಾಗೆ ನಿಧಾನವಾಗಿ ಹತ್ತುತ್ತಿತ್ತು. ಮಾಮ ಮೊಬೈಲನ್ನು ಹೆಂಡತಿಯ ಕಡೆ ಹಿಡಿದು, ನೋಡು ಹೇಗಿದೆ ಎಂದ.

ಹೆಂಡತಿ ಅನ್ನದ ಸೌಟು ಹಿಡಿದೇ ನೋಡಿದಳು. “ಅದೇನ್ರೀ ಅದು, ಕುಂಯ್ ಅಂತಿರೋದು?” ಎಂದು ಕೇಳಿದಳು.

“ಯಾವ್ದು?”

“ಅದೇ, ಗಾಡಿ ತಂದ ದಿನದಿಂದ ಬರ್ತಿದ್ಯಲ್ಲ. ಸೊಳ್ಳೆ ಕಿವಿ ಹತ್ರ ಬಂದ ಹಾಗೆ. ಈಗ ಜೋರಾಗಿದೆ.”

ಮಾಮ ವಿಡಿಯೊವನ್ನು ಮತ್ತೆ ಹಾಕಿದ. ಮೊಬೈಲನ್ನು ಬಲಗಿವಿಗೆ ಒತ್ತಿ ಹಿಡಿದ, ಎಡಗಿವಿಗೆ ಒತ್ತಿ ಹಿಡಿದ. ಗುಡುಗುಡು ಬಿಟ್ಟರೆ ಏನೂ ಇಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ. ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. ಎದುರು ಮನೆಯವರಿಗೂ ಕೇಳಿಸಿತ್ತಂತೆ, ಅವಳನ್ನು ವಿಚಾರಿಸಿದ್ದರಂತೆ. ನಮ್ಮ ಮನೆಯವರು ತಟ್ಟಿಕೊಟ್ಟ ಗಾಡಿ, ಆ ಸದ್ದು ಇರಬೇಕಾದದ್ದೇ ಇರಬೇಕು ಎಂದು ಇವಳೇ ಅವರ ಬಾಯಿ ಮುಚ್ಚಿಸಿದ್ದಳಂತೆ. ಅಂದರೆ ಬೀದಿಗೆಲ್ಲ ಕೇಳಿಸಿದ ಸದ್ದು ಕೇಳಿಸದೆ ಇದ್ದದ್ದು ಅವನೊಬ್ಬನಿಗೇ.

ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಮಾಮ ಎಂಜಲು ಕೈಯಲ್ಲೇ ಮಗಳಿಗೆ ಫೋನ್ ಮಾಡಿದ. ಅದೃಷ್ಟ, ರಿಂಗಾಯಿತು, ಅವರಿನ್ನೂ ಬಂಕಿನ ಹತ್ತಿರವೇ ಇದ್ದರು. ಆದರೆ ಮಗಳ ದನಿ ಗಾಳಿಯಲ್ಲಿ ಕಲಸಿಹೋಗಿ ಅವನಿಗೆ ಒಂದಕ್ಷರವೂ ಹತ್ತಲಿಲ್ಲ. ಫೋನನ್ನು ಹೆಂಡತಿಯ ಕೈಗೆ ಕೊಟ್ಟ. “ನಂಗೆ ಕೇಳಿಸ್ತಿಲ್ಲ ಕಣೆ. ಸಣ್ಣ ಸದ್ದು ಯಾವ್ದೂ ಕೇಳಿಸಲ್ಲ. ನೀನು ಕೇಳಿ ಹೇಳು,” ಎಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಾಡಿಯ ವಿಷಯದಲ್ಲಿ ಅವನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಅವಳು ಎದುರುಮಾತಾಡಲಿಲ್ಲ, ಸೌಟು ಕೆಳಗಿಟ್ಟಳು. ಫೋರ್ ವೀಲ್ ಹಾಕಿ ನಿಧಾನ ಚಲಿಸುವಂತೆ, ಫೋನನ್ನು ಗೇರಿನ ಕೋಲಿನ ಬುಡಕ್ಕೆ ಹಿಡಿಯುವಂತೆ ಮಾಮ ಹೇಳಿಸಿದ. ಹೆಂಡತಿ ಕಣ್ಣು ಮುಚ್ಚಿ ಕೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತ, ಪರೀಕ್ಷೆ ಬರೆದವನು ಮೇಷ್ಟರ ಮುಖ ನೋಡುವ ಹಾಗೆ.

“ಕುಂಯ್ ಇದ್ದೇ ಇದೆ,” ಎಂದಳು. “ಅದರೊಳಗೆ ಇನ್ನೊಂದು. ಮಕ್ಕಳು ನಿದ್ದೇಲಿ ಹಲ್ಲು ಕಡೀತಾರಲ್ಲ, ಹಾಗೆ. ನಡುನಡುವೆ ಟಕ್ ಅನ್ನತ್ತೆ.”

ಮಾಮನಿಗೆ ಅಷ್ಟೇ ಸಾಕಾಯಿತು. ಮುಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆಯಲ್ಲಿ ಬೇರಿಂಗ್ ಪುಡಿಯಾಗುತ್ತಿತ್ತು. ಅದು ಕಚ್ಚಿಕೊಂಡರೆ ಚಕ್ರ ತಟ್ಟನೆ ನಿಲ್ಲುತ್ತದೆ, ಇಳಿಜಾರಾದರೆ ಗಾಡಿ ಮಗುಚುತ್ತದೆ, ಬಯಲಾದರೆ ಅಲ್ಲೇ ಕೂರುತ್ತದೆ, ನೀರು ಮುಗಿಯುವ ತನಕ. ಫೋರ್ ವೀಲ್ ಬಿಡಿಸಿ, ಒಂದು ಹೆಜ್ಜೆಯೂ ಮುಂದೆ ಹೋಗದೆ ಹಿಂದಕ್ಕೆ ತಿರುಗಲು ಹೇಳು ಎಂದ. ಅಳಿಯ ಮೊದಲು ನಂಬಲಿಲ್ಲ, ಮಾವನವರೇ ಆಯ್ತು ಅಂದಿದ್ದರಲ್ಲ ಎಂದು ಹಟ ಹಿಡಿದನಂತೆ. ಮಾಮ ಫೋನಿನ ಹತ್ತಿರ ಬಗ್ಗಿ, “ನಾನೇ ತಪ್ಪು ಮಾಡಿದೀನಿ. ತಿರುಗ್ರೋ,” ಎಂದು ಕೂಗಿದ. ಆಚೆಯಿಂದ ಏನು ಉತ್ತರ ಬಂತೋ ಗೊತ್ತಾಗಲಿಲ್ಲ. ಹೆಂಡತಿ ತಲೆಯಾಡಿಸಿದ ಮೇಲೆಯೇ ಅವನು ಕೂತದ್ದು.

ಮರುದಿನ ಸಂಜೆ ಗಾಡಿ ತೆವಳುತ್ತಾ ಬಂದು ಅಂಗಳ ಸೇರಿತು. ಮಾಮ ಗೋಣಿಚೀಲ ಹಾಸಿ ಅಡಿಗೆ ತೂರಿ, ಆ ಪೆಟ್ಟಿಗೆಯ ಎಣ್ಣೆಯನ್ನು ಬಾಣಲಿಗೆ ಇಳಿಸಿದ. ಎಣ್ಣೆಯೊಳಗೆ ಲೋಹದ ಪುಡಿ ಮಿರಮಿರ ಮಿಂಚುತ್ತಿತ್ತು. ಬೆರಳಿಗೆ ಹತ್ತಿದ ಅದನ್ನು ಅವನು ಬಹಳ ಹೊತ್ತು ನೋಡಿದ. ಪುಟ್ಟಿ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಚೆನ್ನಾಗಿದೆ ತಾತ, ನಂಗೂ ಸ್ವಲ್ಪ ಕೊಡು ಎಂದಳು. ಅವನಿಗೆ ಅಳು ತಡೆಯಲಾಗಲಿಲ್ಲ, ಗಾಡಿಯ ಅಡಿಯಲ್ಲೇ ಮುಖ ಮುಚ್ಚಿಕೊಂಡ.

ಮಗಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಅವನ ಹತ್ತಿರವೇ ಕೂತು, ಕೇಳಿಸುವ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದಳು.

“ನಂಗೆ ಅವತ್ತೇ ಕೇಳಿಸಿತ್ತಪ್ಪ. ನೀವು ತಟ್ಟಿದ್ರಲ್ಲ, ನನ್ನ ಕಿವೀಲೇ ಏನೋ ಇರಬೇಕು ಅಂದ್ಕೊಂಡೆ.”

ಎಷ್ಟು ದಿನದಿಂದ ಹೀಗೆ ಎಂದು ಅವಳು ಕೇಳಿದಳು. ವರ್ಷವಾಗಿರಬೇಕು ಎಂದ. ಅವಳು ಅಂಗಳದ ಗಾಡಿಯ ಕಡೆ ನೋಡಿ, ಮತ್ತೆ ಬಿಡಿಸಿ ಕೇಳಿದಳು, “ಈ ಒಂದು ವರ್ಷದಲ್ಲಿ ಎಷ್ಟು ಗಾಡಿಗೆ ಆಯ್ತು ಅಂದಿದೀರಪ್ಪ?”

ಮಾಮ ಬೆರಳು ಮಡಿಸತೊಡಗಿದ. ಬೇಕರಿಯವನದ್ದು, ನರ್ಸಮ್ಮನ ತಮ್ಮನದ್ದು, ಪ್ರಿಂಟಿಂಗ್ ಪ್ರೆಸ್ಸಿನ ಅಣ್ಣ ತಮ್ಮಂದಿರದ್ದು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ಒಳಗೆ ಹೆಂಡತಿ ಟಿವಿ ಆರಿಸಿದ್ದು ಅವನಿಗೆ ತಿಳಿಯಲಿಲ್ಲ. ಎಲ್ಲಕ್ಕಿಂತ ಕೊನೆಯದು ಹಿಂದಿನ ಬೀದಿಯ ಟೀಚರಮ್ಮನದ್ದು, ಹೋದ ತಿಂಗಳಷ್ಟೇ ನೋಡಿಕೊಟ್ಟದ್ದು. ಅವರದ್ದೂ ಇಂಥದೇ ಗಾಡಿ. ಅವನು ಎದ್ದು ಚಪ್ಪಲಿ ಮೆಟ್ಟಿದ. “ನೀನೂ ಬಾ. ಸ್ಟಾರ್ಟ್ ಮಾಡಿಸೋಣ, ನೀನು ಕೇಳು,” ಎಂದ.

ಟೀಚರಮ್ಮನ ಮನೆಗೆ ಬೀಗ ಹಾಕಿತ್ತು. ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಮಾಮ ಮೊಬೈಲ್ ತೆಗೆದು ಮಗಳಿಗೆ ಕೊಟ್ಟ. ಅವಳು ಮತ್ತೆ ಮತ್ತೆ ಪ್ರಯತ್ನಿಸಿ, ಸಂಪರ್ಕ ಸಿಗುತ್ತಿಲ್ಲವೆಂದು ತಲೆಯಾಡಿಸಿದಳು. ಪಕ್ಕದ ಮನೆಯಾಕೆ ಬಟ್ಟೆ ತೆಗೆಯಲು ಹೊರಗೆ ಬಂದವಳು ಮಾಮನನ್ನು ಗುರುತು ಹಿಡಿದು ನಕ್ಕಳು. ಮಕ್ಕಳಿಗೆ ರಜೆಯಲ್ಲವೇ, ನಾಲ್ಕೂ ಜನ ಮೊನ್ನೆಯೇ ಬಯಲಿಗೆ ಹೊರಟುಹೋದರು ಎಂದಳು. ಮಾಮನಿಗೆ ಕೇಳಿಸಲಿಲ್ಲ ಅನ್ನಿಸಿತೋ ಏನೋ, ಕಾಂಪೌಂಡಿನ ಹತ್ತಿರ ಬಂದು ಇನ್ನಷ್ಟು ಜೋರಾಗಿ ಹೇಳಿದಳು.

“ಟೀಚರಮ್ಮಂಗೆ ಮೊದಲು ಹೆದರಿಕೆ ಇತ್ತು ಮಾಮ. ನೀವು ತಟ್ಟಿಕೊಟ್ಟ ಗಾಡಿ ಅಂತಲೇ ಧೈರ್ಯ ಮಾಡಿ ಹೋದ್ರು.”